ಲೆಕ್ಕಕ್ಕುಂಟು

ಹಗಲು, ಹಾರ್ಶಮ್ಮಿನ ಗೋದಿ ಕಣಜದ ಬಾಗಿಲಲ್ಲಿ
ಲಾರಿ ತೂಗುವುದು ನನ್ನ ಕೆಲಸ.
ತುಂಬಿದ ತೂಕ, ಬರಿದಾದ ತೂಕ, ಕಳೆದರೆ ಕಾಳು.
ಅದಕ್ಕೇ ಇರಬೇಕು, ಮಂಗಳವಾರ ರಾತ್ರಿ
ಸ್ಕೌಟ್ ಹಾಲಿನಲ್ಲಿ ಹೊಸ ವರ್ಗದ ಮಾತು ಬಂದಾಗ
ಎಲ್ಲರೂ ನನ್ನ ಕಡೆ ತಿರುಗಿದರು:
'ನಿಯಮ ನೀನೇ ಬರಿ. ತೂಗುವವನು ನೀನು.'

ಕಾರೆಂದರೆ ಮೊಳದುದ್ದದ್ದು.
ಕೈಯಲ್ಲಿ ರೇಡಿಯೋ, ನಿಲ್ಲಲು ಮರದ ಅಟ್ಟಣೆ,
ಕೆಳಗೆ ಯಾರದೋ ಆಫೀಸಿನಿಂದ ಕಿತ್ತು ತಂದ ಬೂದು ಕಾರ್ಪೆಟ್ಟು,
ನೀರಿನ ಪೈಪು ಬಗ್ಗಿಸಿ ಮಾಡಿದ ತಿರುವು.
ಟ್ರೆವರ್ ನಾಸ್ಕಿಯ ಪೆಟ್ಟಿಗೆ ತೆರೆದರೆ
ಹದಿನಾಲ್ಕು ಜೊತೆ ಚಕ್ರ,
ಮದುವೆಮನೆಯ ಲೋಟಗಳ ಹಾಗೆ ಸಾಲಾಗಿ.
ಬ್ರಿಯೋನಿಯದು ಶೂ ಡಬ್ಬ.
ಕಾರು ಅತ್ತೆಮಗ ಬೇಡವೆಂದು ಬಿಟ್ಟದ್ದು,
ಬಂಪರು ಹಾಲಿನ ಕ್ಯಾನು ಕತ್ತರಿಸಿ ತಾನೇ ಅಂಟಿಸಿದ್ದು.
ಹನ್ನೊಂದು ವರ್ಷ. ಕಳೆದ ಚಳಿಗಾಲವಿಡೀ ಕೊನೆಯ ಸ್ಥಾನ,
ಒಂದು ದಿನವೂ ತಡವಾಗಿ ಬಂದವಳಲ್ಲ.

ನಮ್ಮ ಬೀದಿಯ ಲಗೋರಿಯಲ್ಲಿ ಇಂಥವರಿಗೊಂದು ಹೆಸರಿತ್ತು:
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ನಾನೂ ಆಗಿದ್ದೆ, ಎರಡು ಬೇಸಿಗೆ.
ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ.
ಅದನ್ನು ಗ್ಲೆನಿಸಳಿಗೆ ಇಂಗ್ಲಿಷಿನಲ್ಲಿ ಹೇಳಹೊರಟು
ಚಹಾ ತಣ್ಣಗಾಯಿತು.
'ಮಕ್ಕಳ ಮೇಲಿನ ದಯೆ, ಅಲ್ವಾ?' ಎಂದಳು.
ಹೌದು.
ಅಲ್ಲ.

ಬರೆದೆ:
ಮೋಟಾರು ಕ್ಲಬ್ಬಿನದು, ಮುದ್ರೆ ಹಾಕಿದ್ದು,
ಬಿಸ್ಕತ್ತಿನ ಡಬ್ಬಿಯಿಂದ ಕಣ್ಣುಮುಚ್ಚಿ ಎತ್ತಿಕೊಳ್ಳತಕ್ಕದ್ದು.
ಚಕ್ರ ಒಂದೇ ಜೊತೆ, ಇಡೀ ಋತುವಿಗೆ.
ತೂಕ ಸಾವಿರದ ಮುನ್ನೂರೈವತ್ತು ಗ್ರಾಮಿಗೆ ಕಡಿಮೆ ಇರಕೂಡದು;
ತೂಗುವುದು ರೇಸು ಮುಗಿದ ಮೇಲೆ, ಕಾರು ಬಂದ ಸ್ಥಿತಿಯಲ್ಲಿ.
ಟ್ರೆವರ್ ಕೈ ಎತ್ತಿದ:
'ಕಡಿಮೆ ಬಿದ್ದರೆ ಸೀಸ ಅಂಟಿಸಬಹುದೋ?'
ಅಂಟಿಸಬಹುದು.
'ಎಲ್ಲಿ ಬೇಕಾದರೂ?'
ನೋಡಿ, ನಾನಿನ್ನೂ ಚಾಪೆ ಬಿಡಿಸಿಲ್ಲ,
ಈತ ರಂಗೋಲಿ ಕೆಳಗೆ ತೂರುವ ದಾರಿ ಅಳೆಯುತ್ತಿದ್ದಾನೆ.
ಕೆಟ್ಟವನಲ್ಲ. ನಲವತ್ತು ವರ್ಷ ಟ್ರಾಕ್ಟರು ಬಿಚ್ಚಿದ ಕೈ;
ಸಂದು ಕಂಡಲ್ಲಿ ಬೆರಳು ಹೋಗುತ್ತದೆ.

ಒಂದು ಹಾಳೆ ಮೂರಾಯಿತು, ಮೂರು ಏಳಾಯಿತು.
ಸಂದಿಗೊಂದು ವಾಕ್ಯ, ವಾಕ್ಯಕ್ಕೊಂದು ಹೊಸ ಸಂದು.
ಏಳನೆಯದನ್ನು ಓದುವಾಗ ಬ್ರಿಯೋನಿ
ಬೆಂಚಿನ ಮೇಲೆ ನಿದ್ದೆಹೋಗಿದ್ದಳು.
ಐದನ್ನು ಹರಿದೆ.

ತಕ್ಕಡಿ ಗ್ಲೆನಿಸಳ ಅಡುಗೆಮನೆಯದು,
ಅಂಚಿನಲ್ಲಿ ಕೇಕಿನ ಹಿಟ್ಟು ಇನ್ನೂ ಇದೆ.
ಎರಡು ಮೂರು ಗ್ರಾಂ ಸುಳ್ಳು ಹೇಳುತ್ತದೆ, ನನಗೆ ಗೊತ್ತು.
ಕಣಜದಲ್ಲಾದರೆ ನನ್ನ ಲೈಸೆನ್ಸು ಹೋಗುತ್ತಿತ್ತು.
ಇಲ್ಲಿ ಬರೆದೆ: ಈ ತಕ್ಕಡಿ ಹೇಳಿದ್ದೇ ತೂಕ.
ಎಲ್ಲರಿಗೂ ಒಂದೇ ಸುಳ್ಳು.

ಮೊದಲ ರಾತ್ರಿ. ಹೊರಗೆ ಮಂಜು, ಒಳಗೆ ಒಂದೇ ಹೀಟರು.
ಐದು ನಿಮಿಷ ಜೇನುಗೂಡಿಗೆ ಕಲ್ಲು ಬಿದ್ದ ಸದ್ದು.
ಬ್ರಿಯೋನಿ ನಾಲ್ಕನೆಯವಳು!
ಒಂಬತ್ತರಲ್ಲಿ ನಾಲ್ಕು!
ಕಾರನ್ನು ಕಂಕುಳಲ್ಲಿ ಅವುಚಿಕೊಂಡು ಬಂದು
ಮೆಲ್ಲಗೆ ತಕ್ಕಡಿಗಿಟ್ಟಳು.

ಸಾವಿರದ ಮುನ್ನೂರ ನಲವತ್ತಾರು.

ಎರಡನೇ ತಿರುವಿನಲ್ಲಿ, ಪೈಪಿನ ಪಕ್ಕ,
ಹಾಲಿನ ಕ್ಯಾನಿನ ಬಿಳಿ ಚೂರು ಬಿದ್ದಿತ್ತು.

ಯಾರೂ ಮಾತಾಡಲಿಲ್ಲ. ಮೊದಲು ಗಂಟಲು ಸರಿಮಾಡಿಕೊಂಡವನು
ಟ್ರೆವರೇ: 'ಬಿಡಪ್ಪ. ನಾಲ್ಕು ಗ್ರಾಂ. ಮಗು.'
ಗ್ಲೆನಿಸ್ ಕಿಟಕಿ ನೋಡಿದಳು.
ನನ್ನ ಹೆಬ್ಬೆರಳು ತಕ್ಕಡಿಯ ಅಂಚಿಗೆ ಎಷ್ಟು ಹತ್ತಿರವಿತ್ತೆಂದರೆ
ಹಿಟ್ಟು ತಗುಲುತ್ತಿತ್ತು.
'ಬೇರೆಯವರದಾಗಿದ್ದರೆ?' ಎಂದು ಕೇಳಿದವಳು ಅವಳು.

ಬರೆದೆ. ಹೆಸರು, ತೂಕ,
ಎದುರಿಗೆ: ಅನರ್ಹ.
ಅವಳು ಹಾಳೆಯ ಮೇಲೆ ಬಾಗಿ ಓದಿದಳು, ತುಟಿಯಾಡಿಸುತ್ತ.
ಕಣ್ಣು ತುಂಬಿತ್ತೋ ಏನೋ, ಕೂದಲು ಅಡ್ಡವಿತ್ತು.
ಆಮೇಲೆ ಶೂ ಡಬ್ಬ ಎತ್ತಿಕೊಂಡು
ನೇರ ಟ್ರೆವರನ ಪೆಟ್ಟಿಗೆಯ ಮುಂದೆ ನಿಂತಳು:
'ಸೀಸ ಇದೆಯಾ?
ಎಲ್ಲಿ ಬೇಕಾದರೂ ಅಂಟಿಸಬಹುದು, ಅಲ್ವಾ?'