ಕೈ ಹಿಂದೆ ಕಟ್ಟಿಕೊಂಡು

ಮುಂಜಾನೆಯೇ ಬಂದಳು ವರ್ನಾ ಸ್ಟೋಲ್ಟ್ಸ್,
ಟೆಲಿಫೋನ್ ಎಕ್ಸ್‌ಚೇಂಜಿನವಳು,
ಊರಿನ ಗುಟ್ಟೆಲ್ಲ ಕಿವಿಯಲ್ಲಿಟ್ಟುಕೊಂಡವಳು.
"ಕತ್ತರಿಸಿ," ಅಂದಳು. ಅಷ್ಟೆ.
ಸೊಂಟ ಮುಟ್ಟುವ ಜಡೆ, ಬಲಿತ ಜೋಳದ ಬಣ್ಣ;
ಹೆಡ್‌ಫೋನಿಗೆ ದಿನಾ ಸಿಕ್ಕಿಕೊಳ್ಳುತ್ತದಂತೆ.
ಅದೊಂದೇ ಕಾರಣ ಅಲ್ಲ ಅಂತ
ಹಿಂದಿನ ಕೋಣೆಯಲ್ಲಿದ್ದ ನನಗೂ ಗೊತ್ತಾಯಿತು.

ಇಂಡಿಯಾನಾ, ಇಪ್ಪತ್ತನಾಲ್ಕನೇ ಇಸವಿ. ನನಗೆ ಹದಿನಾರು.
ಅಪ್ಪನ ಅಂಗಡಿಯಲ್ಲಿ ಮೂರು ಕುರ್ಚಿ,
ಮೂರರಲ್ಲೂ ಬಿಳಿಯರೇ ಕೂರಬೇಕು.
ನಮ್ಮವರಿಗೆ ಭಾನುವಾರ, ಅಡುಗೆಮನೆಯಲ್ಲಿ,
ಒಲೆಯ ಪಕ್ಕದ ಸ್ಟೂಲಿನ ಮೇಲೆ.
ಐವತ್ತೆರಡರ ಅಪ್ಪನನ್ನು
ಹಾಲುಗಲ್ಲದ ಹುಡುಗರೂ 'ಅಲೊಂಜೋ' ಅನ್ನುತ್ತಿದ್ದರು.
ಅವರ ಅಪ್ಪಂದಿರ ಗಂಟಲ ಮೇಲೆ ದಿನಾ
ನನ್ನಪ್ಪನ ಕತ್ತಿ ಆಡುತ್ತಿತ್ತು,
ಕೂದಲು ಮಾತ್ರ ಹೋಗಿ, ಮತ್ತೇನೂ ಕೊಂಕದ ಹಾಗೆ.

ಅದೇ ಬೇಸಿಗೆ, ಬಿಳಿ ಮುಸುಕಿನ ಮೆರವಣಿಗೆ
ಪಂಜು ಹಿಡಿದು ಹೋದ ರಾತ್ರಿ
ದೀಪ ಆರಿಸಿ, ಕಿಟಕಿಯ ಸಂದಿಯಲ್ಲಿ ನಿಂತು
ಅಪ್ಪ ಒಬ್ಬೊಬ್ಬರನ್ನೇ ಗುರುತಿಸಿದ:
ಔಷಧಿ ಅಂಗಡಿಯವ, ಎಡಗಾಲು ಎಳೆಯುತ್ತಾನೆ.
ಈ ಹೊಸ ಬೂಟು, ಕಂತಿನಲ್ಲಿ ಫೋರ್ಡ್ ಕೊಂಡವನದು.
ಆ ಗೂನು ಬೆನ್ನು ಶಾಲೆಯ ಮೇಷ್ಟರದು.
"ಶನಿವಾರ ಎಲ್ಲರೂ ಬರುತ್ತಾರೆ," ಅಂದ,
"ನಿಮ್ಮಮ್ಮ ಒಗೆದ ಬಿಳಿ ಬಟ್ಟೆ ಹೊದಿಸಬೇಕು ಅವರಿಗೆ."

ಈಗ ಈ ಹುಡುಗಿ. ಈ ಕುರ್ಚಿ. ಈ ಕತ್ತು.
ಗಾಜಿನಾಚೆ ಆಗಲೇ ಇಬ್ಬರು ನಿಂತಿದ್ದರು,
ಸಿಗರೇಟು ಹಚ್ಚುವ ನೆಪದಲ್ಲಿ.
ಆಗದು ಅಂದರೆ ಸೊಕ್ಕು.
ಆಗಲಿ ಅಂದರೆ,
ಅದಕ್ಕೆ ಹೆಸರಿರಲಿಲ್ಲ, ಹಗ್ಗವಿತ್ತು.

ಅಪ್ಪ ಬಾಗಿಲು ಪೂರಾ ತೆರೆದ.
ಕತ್ತರಿ ಒರೆಸಿ, ಹಿಡಿ ಅವಳ ಕಡೆಗೆ ಮಾಡಿ
ಅವಳ ಕೈಗೇ ಕೊಟ್ಟ.
ಮೂರು ಹೆಜ್ಜೆ ಹಿಂದೆ ಸರಿದು, ಬೀದಿಗೆ ಬೆನ್ನು ಹಾಕಿ,
ಎರಡೂ ಕೈ ಹಿಂದೆ ಕಟ್ಟಿಕೊಂಡು,
ಊರಿಗೆಲ್ಲ ಕಾಣುವ ಹಾಗೆ ಕಟ್ಟಿಕೊಂಡು
ಹೇಳಿದ: "ಮೊದಲು ಜಡೆ, ಮಿಸ್. ಕಿವಿಯ ಕೆಳಗೆ."

ಒಳಗೆ ಗ್ರಾಮಾಫೋನಿಗೆ ನಾನು ಕೀಲಿ ಕೊಟ್ಟಾಗಿತ್ತು.
ರೈಲಿನಲ್ಲಿ ಪೋರ್ಟರ್ ಆಗಿದ್ದ ಥರ್ಮನ್ ಚಿಕ್ಕಪ್ಪ
ಷಿಕಾಗೋದಿಂದ ಕಂಬಳಿಯ ಮಡಿಕೆಯಲ್ಲಿ ತಂದ ರೆಕಾರ್ಡು.
ಅಮ್ಮನಿಗೆ ಆಗದು; ಚರ್ಚಿನ ಹೆಂಗಸರಿಗೆ ಮೊದಲೇ ಆಗದು.
ಕಾರ್ನೆಟ್ ತಾಳಕ್ಕೆ ಕಾಯದೆ ಮುಂದೆ ನೆಗೆಯಿತು,
ಕ್ಲಾರಿನೆಟ್ ಬೇಕೆಂದೇ ಹಿಂದುಳಿಯಿತು.
ನಿಲ್ಲಿಸಲು ಓಡಿದೆ.
"ಇರಲಿ," ಅಂದ ಅಪ್ಪ, ತಿರುಗದೆ.

"ಎಡಕ್ಕೆ ಒಂದು ಬೆರಳು ಮೇಲೆ, ಮಿಸ್."
"ಕತ್ತು ಬಗ್ಗಿಸಿ." "ಉಸಿರು ಬಿಡಿ."
ಬೆನ್ನ ಹಿಂದೆ ಅಪ್ಪನ ಬೆರಳು
ಇಲ್ಲದ ಕತ್ತರಿಯನ್ನು ಆಡಿಸುತ್ತಿದ್ದವು,
ರೆಕಾರ್ಡಿನ ತಾಳಕ್ಕೋ, ಅವಳ ತಪ್ಪಿಗೋ.
ಹೊರಗಿನ ಇಬ್ಬರಿಗೂ ಕಂಡಿರಬೇಕು;
ಕಂಡದ್ದೇನೆಂದು ತಿಳಿದಿರಲಾರದು.

ಓರೆಕೋರೆಯಾಯಿತು. ಬಲಗಡೆ ಅಂಗುಲ ಹೆಚ್ಚು.
ಕನ್ನಡಿ ನೋಡಿ ನಕ್ಕಳು, ಅತ್ತಳು,
ಬರಿಗತ್ತಿನ ಮೇಲೆ ಅಂಗೈಯಿಟ್ಟು ಮತ್ತೆ ನಕ್ಕಳು.
ಕಾಲು ಡಾಲರ್ ಇಟ್ಟಳು.
"ನಾನೇನೂ ಮಾಡಲಿಲ್ಲ," ಅಂದ ಅಪ್ಪ, ಬೀದಿಗೆ ಕೇಳುವಷ್ಟು.
ಹೊಸ್ತಿಲಲ್ಲಿ ಅವಳು, "ಥ್ಯಾಂಕ್ಯೂ, ಮಿಸ್ಟರ್..." ಅಂದು ನಿಂತಳು.
ಹದಿನೇಳು ವರ್ಷದ ಅಂಗಡಿ;
ಮುಂದಿನ ಹೆಸರು ಅವಳಿಗೆ ಗೊತ್ತಿರಲಿಲ್ಲ.
ಅಪ್ಪನೂ ಹೇಳಲಿಲ್ಲ.

ನೆಲದ ಮೇಲೆ ಉಳಿಯಿತು ಜಡೆ.
ಇಟ್ಟುಕೊಳ್ಳುವಂತಿಲ್ಲ, ಎಸೆಯುವಂತಿಲ್ಲ,
ಮುಟ್ಟುವಂತೂ ಇಲ್ಲ.
ಕೆಂಡದ ಇಕ್ಕಳದಲ್ಲಿ ಎತ್ತಿ ಅಗ್ಗಿಷ್ಟಿಕೆಗೆ ಹಾಕಿದ.
ಸಂಜೆಯವರೆಗೂ ಅಂಗಡಿ ತುಂಬ ಸುಟ್ಟ ಕಮಟು;
ಬಂದ ಗಿರಾಕಿಗಳು ಮೂಗು ಮುಚ್ಚಿ
ಬೇಸ್‌ಬಾಲ್ ಬಗ್ಗೆ ಮಾತಾಡಿದರು.

ಅವತ್ತು ಮಂಗಳವಾರ. ಆದರೂ ರಾತ್ರಿ
ಒಲೆಯ ಪಕ್ಕದ ಸ್ಟೂಲಿನ ಮೇಲೆ ಹೋಗಿ ಕೂತೆ.
"ನನ್ನದೂ," ಅಂದೆ.
ಅಮ್ಮ ಬಿಸಿ ಬಾಚಣಿಗೆಯಲ್ಲಿ ವಾರವಾರ
ಎಳೆದೆಳೆದು ನೀಳ ಮಾಡಿದ ಕೂದಲು.
ಅಪ್ಪ ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ ಕತ್ತರಿ ಬಂತು, ತಣ್ಣಗೆ.

ಆ ಕೈ ನಡುಗುವುದನ್ನು ಅಂದೇ ಮೊದಲು ಕಂಡೆ.
ಕಂಡದ್ದಲ್ಲ,
ಕತ್ತಿಗೆ ತಿಳಿಯಿತು.
"ಮುಗಿಯಿತಾ ಅಪ್ಪ?"
"ಇನ್ನೂ ಒಂದು ಬದಿ ಇದೆ, ಐಡೆಲ್ಲಾ. ಅಲ್ಲಾಡಬೇಡ."