ಬ್ಲೇಡು ಎತ್ತಿದ ಜಾಗ

ಜುಲೈ ಹನ್ನೊಂದು. ಕಡಲ ಮೇಲೆ ಇನ್ನೂ ಒಂದು ಹಿಮಗುಡ್ಡ,
ಹೊರಟೆ ಹೊರಟೆ ಅನ್ನುತ್ತ ಬಾಗಿಲಲ್ಲೇ ನಿಂತ ನೆಂಟನ ಹಾಗೆ.
ನಾನು ಲಿಯಾಂಡರ್ ಪಿನ್, ರಸ್ತೆಯಂಚಿನ ಹುಲ್ಲು ಕೊಯ್ಯುವವನು.
ನ್ಯೂಫೌಂಡ್‌ಲ್ಯಾಂಡಿನ ಬಡಗಣ ಮೂತಿಯಲ್ಲಿ
ಐವತ್ತು ಕಿಲೋಮೀಟರು ಚರಂಡಿ ನನ್ನ ಪಾಲು.

ತಿರುವಿನಲ್ಲಿ ಕೈ ಅಡ್ಡ ಚಾಚಿ ನಿಂತಿದ್ದಳು ಡ್ರುಸಿಲ್ಲಾ,
ನಿವೃತ್ತ ನರ್ಸು; ಊರಿನ ಅರ್ಧ ಜನರ ಹೊಕ್ಕುಳಬಳ್ಳಿ ಕತ್ತರಿಸಿದವಳು,
ನನ್ನದೂ.
"ನಿಲ್ಲಿಸು. ಹೂವಿದೆ."
ಎಲ್ಲಿ? ಹಸಿರು ಬಿಟ್ಟರೆ ಹಸಿರು.
ಗದ್ದ ಹಿಡಿದು ನನ್ನ ಮುಖ ತಿರುಗಿಸಿದಳು, ಆಗ ಕಂಡಿತು:
ಗೇಣುದ್ದದ ಕಡ್ಡಿ, ಅದರ ಸುತ್ತ
ಹೂವಾಗಲು ಅಷ್ಟೇನೂ ಮನಸ್ಸಿಲ್ಲದೆ ಆದಂಥ ಹೂಗಳು.

ಪ್ರತಿ ಹೂವಿನ ಬೆನ್ನಿಗೂ ಒಂದು ಬಾಲ, ಜೇನಿನ ಚೀಲ.
ಭೂತಗನ್ನಡಿ ಹಿಡಿದು ಬಾಲ ಅಳೆದಳು.
"ತುಟಿಗಿಂತ ಗಿಡ್ಡ. ತುದಿ ಉಬ್ಬಿದೆ. ಇರಬಹುದು.
ತುಟಿ ಹಳದಿಯೋ, ಬಿಳಿಚಿದ ಹಸಿರೋ? ನೀನು ಹೇಳು."
ಬಿಸಿಲಿತ್ತು, ಹಳದಿ ಅಂದೆ.
ಮೋಡ ಬಂತು, ಬಿಳಿಚಿದ್ದು ಅಂದೆ.

"ಅಕ್ಕತಂಗಿಯರಿದ್ದಾರೆ ಇಬ್ಬರು," ಅಂದಳು.
"ಒಬ್ಬಳಿಗೆ ಪರಿಮಳ, ಪತಂಗಗಳನ್ನು ಕರೆಯುತ್ತಾಳೆ.
ಇನ್ನೊಬ್ಬಳು ಯಾರ ದಾರಿಯನ್ನೂ ಕಾಯುವುದಿಲ್ಲ;
ತನ್ನ ಪರಾಗ ತನ್ನ ಮಡಿಲಿಗೇ ಉದುರಿಸಿಕೊಂಡು ಕಾಯಿ ಕಟ್ಟುತ್ತಾಳೆ,
ವಾಸನೆಯ ಗೊಡವೆಯಿಲ್ಲ.
ನೀನು ಮೂಸು. ನನ್ನ ಮೂಗು
ಎರಡು ಚಳಿಗಾಲದ ಹಿಂದಿನ ಜ್ವರದಲ್ಲಿ ಹೋಯಿತು."

ಮಂಡಿಯೂರಿದೆ. ಪಾಚಿಯ ನೀರು ಪ್ಯಾಂಟಿಗೆ ಹತ್ತಿತು.
ಮೂಸಿದೆ: ಡೀಸೆಲ್.
ಮತ್ತೆ ಮೂಸಿದೆ: ನನ್ನದೇ ಕೈ,
ಮೊನ್ನೆ ಹೆಚ್ಚಿದ ಕಾಡ್ ಮೀನು, ಕೊಯ್ದ ಹುಲ್ಲು.
ಅದರ ಕೆಳಗೆ, ಬಹಳ ಕೆಳಗೆ, ಏನೋ.
ಲವಂಗವೋ, ನಾನೇ ಬಯಸಿದ್ದೋ.

"ಏನು?" ಅಂದಳು. ಆ ಮುಖ ನೋಡಿ
ಇದೆ ಅಂದುಬಿಡಬಹುದಿತ್ತು.
ಆದರೆ ಅಮ್ಮ ಹೇಳುತ್ತಿದ್ದಳು,
ಡ್ರುಸಿಲ್ಲಾಗೆ ಜ್ವರ ಅಳೆಯಲು ಥರ್ಮಾಮೀಟರು ಬೇಕು,
ಸುಳ್ಳು ಅಳೆಯಲು ಬೇಡ.
"ಗೊತ್ತಾಗಲಿಲ್ಲ," ಅಂದೆ.

ಬರೆದುಕೊಂಡಳು: ಜಾಗ, ತಾರೀಕು, ಎಲೆ ಐದು,
ಹೆಸರಿನ ಎದುರು ಒಂದು ಪ್ರಶ್ನೆಚಿಹ್ನೆ,
ಸಾಕ್ಷಿಯೆಂದು ನನ್ನ ಹೆಸರು, ಪೂರ್ತಿ.

ಗಾಡಿ ಹತ್ತಿ, ಎಂಟು ಮಾರು ದೂರ
ಬ್ಲೇಡು ಎತ್ತಿಕೊಂಡೇ ಹೋದೆ.
ಅಲ್ಲೇನು ಬಿಟ್ಟೆ, ಎಂದು ಸಂಜೆ ಮೇಲ್ವಿಚಾರಕ ಕೇಳಿದ.
ಹುಲ್ಲು, ಅಂದೆ.

ಒಂಬತ್ತೂವರೆಗೂ ಬೆಳಕಿತ್ತು.
ಸೋಪು ಹಾಕಿ ಕೈ ತೊಳೆದೆ, ಎರಡು ಸಲ,
ಗಾಡಿ ಬಿಟ್ಟು, ನಡೆದೇ
ಅತ್ತ ಹೊರಟೆ.