ಅಗಾರ್ ಕಾಯಿಸುವವಳು

ಪರೇಲಿನ ಕಾಲೇಜಿನ ಹಿಂಬದಿ, ಮೀಡಿಯಾ ರೂಮಿನಲ್ಲಿ
ವಾರಿಜಕ್ಕ ಅಗಾರ್ ಕಾಯಿಸುತ್ತಾಳೆ,
ಗಂಜಿ ಉಕ್ಕದಂತೆ ಕಾಯುವವಳ ಕಣ್ಣಲ್ಲಿ.
"ಇದು ಚೈನಾ ಗ್ರಾಸೇ ಮಗಾ.
ಹಾಲು ಸಕ್ಕರೆ ಹಾಕಿದರೆ ರಂಜಾನಿಗೆ,
ಮಾಂಸದ ಸಾರು ಹಾಕಿದರೆ ನಿಮ್ಮ ಪರೀಕ್ಷೆಗೆ."

ಪುಸ್ತಕ ಓದಿ ಹೇಳಿದೆ:
ಮೊದಲು ಜೆಲಟಿನ್ ಇತ್ತಂತೆ, ಸೆಕೆಗೆ ನೀರಾಗುತ್ತಿತ್ತಂತೆ;
ಯಾವನೋ ಡಾಕ್ಟರನ ಹೆಂಡತಿ, ಜಾಮ್ ಮಾಡುವವಳು,
ಇದನ್ನು ಹಾಕಿ ನೋಡಿ ಅಂದಳಂತೆ.
"ಅವಳ ಹೆಸರೆಂಥದು?"
ಪುಟ ತಿರುಗಿಸಿದೆ. ಅಡಿಟಿಪ್ಪಣಿಯಲ್ಲೂ ಇರಲಿಲ್ಲ.
ವಾರಿಜಕ್ಕ ಉರಿ ತಗ್ಗಿಸಿದಳು.

ಮತ್ತೊಂದು ದಿನ ಬಟ್ಟೆ ವ್ಯಾಪಾರಿಯ ಕತೆ:
ನೂಲೆಣಿಸುವ ಮಸೂರದ ಚಟ ಹತ್ತಿ ಅವನು
ತನ್ನದೇ ಹಲ್ಲಿನ ಕೊಳೆಯಲ್ಲಿ
ಈಜುವವರನ್ನು ಕಂಡದ್ದು.
ಇದಕ್ಕೆ ನಕ್ಕಳು. ಅವಳ ಗಂಡನೂ
ಇಲ್ಲೇ ಗಿರಣಿಯಲ್ಲಿ ನೂಲೆಣಿಸಿದವನು,
ಮುಷ್ಕರದ ವರ್ಷದವರೆಗೆ.
"ಅವರಿಗೆ ಕಂಡದ್ದು ಬರೀ ಹತ್ತಿಯ ದೂಳು.
ಅದೂ ಎಕ್ಸ್‌ರೇಯಲ್ಲಿ."

ನಿವೃತ್ತಿಯ ದಿನ, ಶಾಲು ಸಮೋಸ ಮುಗಿದ ಮೇಲೆ
ಒಂದು ಪ್ಲೇಟಿನ ಮುಚ್ಚಳ ಸರಿಸಿ
ಮೂವತ್ತೊಂದು ವರ್ಷ ಗಾಜು ತೊಳೆದು
ಗೆರೆ ಸವೆದ ಹೆಬ್ಬೆಟ್ಟು ಒತ್ತಿದಳು.
"ಒಮ್ಮೆ ನೋಡ್ಲಿಕ್ಕಿತ್ತು" ಅಂದಳು.
ನೋಡಲು ಬರಲಿಲ್ಲ.

ಮೂರನೆಯ ದಿನ ಇನ್‌ಕ್ಯುಬೇಟರ್ ತೆರೆದರೆ
ಹೆಬ್ಬೆಟ್ಟು ಅಲ್ಲಿತ್ತು:
ಬಿಳಿ, ಕೆನೆ, ಒಂದೇ ಒಂದು ಹಳದಿ ಚುಕ್ಕೆ.
ಗೆರೆ ಸವೆದಲ್ಲೂ ಸಂಸಾರ ಹೂಡಿದ್ದವು.

ನಿಯಮ ಗೊತ್ತು. ನೂರ ಇಪ್ಪತ್ತೊಂದು ಡಿಗ್ರಿ,
ಹದಿನೈದು ನಿಮಿಷ, ಆಮೇಲೆ ಕಸ.
ಆಟೋಕ್ಲೇವ್ ಬಿಸಿಯೇರುವ ಹೊತ್ತಿನಲ್ಲಿ
ರಿಜಿಸ್ಟರ್ ತೆರೆದು
'ಮಾದರಿಯ ಹೆಸರು' ಅಂತಿದ್ದಲ್ಲಿ
ಪೂರ್ತಿಯಾಗಿ ಬರೆದೆ:
ವಾರಿಜಾ ದೇವು ಮೊಯಿಲಿ.